ಕಾಡುಹುಡುಗನ ಗುರು: ಡಾಕ್ಟರ್ ಇಟಾರ್ಡ್

ಹುಟ್ಟುಗುಣ ಸುಟ್ಟರೂ ಹೋಗದೆಂದು ನಮ್ಮ ಹಿರಿಯರು ಹೇಳುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಕೇಳುವವರೂ ಅವರೇ. ಮೊದಲನೆಯ ಗಾದೆಯನ್ನು ನಂಬಿದರೆ ಶಿಕ್ಷಣವೆಲ್ಲವೂ ನೀರಿನಲ್ಲಿ ಮಾಡಿದ ಹೋಮ. ಎರಡನೆಯದನ್ನು ನಂಬಿದರೆ ಎಳೆತನದಲ್ಲಿ ತಿದ್ದಿದವನಿಗೆ ಫಲವುಂಟು. ದಯೆ, ಕನಿಕರ, ಇನ್ನೊಬ್ಬರ ನೋವನ್ನು ಕಂಡು ಮನಸ್ಸು ಕರಗುವುದು, ಕೇಳದೆಯೇ ಕೈನೀಡುವುದು, ಇವೆಲ್ಲ ಮನುಷ್ಯನು ಹುಟ್ಟುವಾಗಲೇ ತರುವ ಸ್ವತ್ತೋ ಅಥವಾ ಅಕ್ಷರದಂತೆ, ಈಜಿನಂತೆ ಅಭ್ಯಾಸದಿಂದ ಬರುವ ವಿದ್ಯೆಯೋ? ಈ ಪ್ರಶ್ನೆಯನ್ನು ಗ್ರಂಥಗಳಲ್ಲಿ ಚರ್ಚಿಸಿದವರು ಬಹಳ ಮಂದಿ. ಆದರೆ ಒಬ್ಬನೇ ಒಬ್ಬ ಹುಡುಗನನ್ನು ಕಣ್ಣೆದುರಿಗಿಟ್ಟುಕೊಂಡು, ಐದು ವರ್ಷಕ್ಕೂ ಮೀರಿ ದಿನದಿನವೂ ಪಾಠ ಹೇಳಿ, ಫಲವನ್ನೂ ಸೋಲನ್ನೂ ಮರೆಮಾಚದೆ ಬರೆದಿಟ್ಟವರು ವಿರಳ. ಅಂಥವರಲ್ಲಿ ಅಗ್ರಗಣ್ಯನು ಫ್ರಾನ್ಸಿನ ವೈದ್ಯ ಜಾನ್ ಮಾರ್ಕ್ ಗಾಸ್ಪಾರ್ ಇಟಾರ್ಡ್. ಆತನ ಜೀವನ ಕಥೆಯನ್ನು ಹೇಳುವುದೆಂದರೆ ಆತನ ಶಿಷ್ಯನ ಕಥೆಯನ್ನೂ ಹೇಳಿದಂತೆಯೇ. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಇಟಾರ್ಡನು ೧೭೭೪ನೆಯ ಇಸವಿ ಏಪ್ರಿಲ್ ೨೪ರಂದು ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತದ ಒರೆಸೋನ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಬಾಲ್ಯದ ವಿದ್ಯಾಭ್ಯಾಸವು ಪಾದ್ರಿಯಾಗಿದ್ದ ಚಿಕ್ಕಪ್ಪನ ಆಶ್ರಯದಲ್ಲಿಯೂ ಅನಂತರ ಮಾರ್ಸೇಲ್ಸ್ ಪಟ್ಟಣದಲ್ಲಿಯೂ ನಡೆಯಿತು. ಹುಡುಗನು ವ್ಯಾಪಾರ ವ್ಯವಹಾರದಲ್ಲಿ ಮುಂದೆ ಬರಲೆಂದು ಮನೆಯವರ ಆಸೆ. ಆದರೆ ಅಷ್ಟರಲ್ಲಿ ಫ್ರಾನ್ಸಿನ ಮಹಾಕ್ರಾಂತಿಯು ಸಿಡಿದು, ತರುಣರೆಲ್ಲರೂ ಸೈನ್ಯಕ್ಕೆ ಸೇರಬೇಕಾದ ಕಾಲ ಬಂದಿತು. ವೈದ್ಯಶಾಸ್ತ್ರದ ಗಂಧವೂ ಇಲ್ಲದ ಇಟಾರ್ಡನು ಒಂದು ಸೈನಿಕ ಆಸ್ಪತ್ರೆಯಲ್ಲಿ ಸಹಾಯಕನ ಕೆಲಸ ಹಿಡಿದನು. ಕೆಲಸ ಮಾಡುತ್ತಲೇ ಕೆಲಸ ಕಲಿತನು. ಮುಂದೆ ನೆಪೋಲಿಯನ್ನನ ಸೈನ್ಯದಲ್ಲಿ ಪ್ರಖ್ಯಾತನಾದ ಶಸ್ತ್ರವೈದ್ಯ ಲಾರೇಯ ಕೈಕೆಳಗೆ ತೂಲೋನಿನಲ್ಲಿ ಪಳಗಿ, ೧೭೯೬ರಲ್ಲಿ ಪ್ಯಾರಿಸ್ಸಿನ ದೊಡ್ಡ ಸೈನಿಕ ಆಸ್ಪತ್ರೆಗೆ ಬಂದನು. ಅಭ್ಯಾಸವು ಮನುಷ್ಯನನ್ನು ಏನನ್ನಾಗಿ ಬೇಕಾದರೂ ಮಾಡಬಲ್ಲದೆಂಬ ನಂಬಿಕೆ ಆತನಲ್ಲಿ ಬಲವಾಗಿ ಬೇರೂರಿದ್ದರೆ ಆಶ್ಚರ್ಯವಿಲ್ಲ. ಅದಕ್ಕೆ ಆತನೇ ಮೊದಲ ಉದಾಹರಣೆ. ೧೮೦೦ರ ಕೊನೆಯಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಆತನು ಪ್ಯಾರಿಸ್ಸಿನ ಕಿವುಡ ಮೂಗರ ರಾಷ್ಟ್ರೀಯ ವಿದ್ಯಾಲಯಕ್ಕೆ ವೈದ್ಯನಾಗಿ ನೇಮಕಗೊಂಡನು. ಆ ಮನೆಯ ಅಂಗಳದಲ್ಲಿಯೇ ಆತನ ಶಿಷ್ಯನು ಆತನಿಗಾಗಿ ಕಾಯುತ್ತಿದ್ದನೆನ್ನಬಹುದು.

ಈ ಶಿಷ್ಯನ ಪೂರ್ವವೃತ್ತಾಂತವು ವಿಚಿತ್ರವಾದುದು. ೧೭೯೭ರ ಸುಮಾರಿನಲ್ಲಿ ದಕ್ಷಿಣ ಫ್ರಾನ್ಸಿನ ಲಕೋನ್ ಎಂಬಲ್ಲಿಯ ಕಾಡಿನಲ್ಲಿ ಬತ್ತಲೆಯಾಗಿ ಅಲೆಯುವ ಒಬ್ಬ ಹುಡುಗನನ್ನು ಜನರು ಕಂಡರು. ಆತನು ಗೆಡ್ಡೆಗೆಣಸುಗಳನ್ನು ಅಗೆದು ತಿನ್ನುತ್ತಿದ್ದನು. ಹಿಡಿದರೆ ತಪ್ಪಿಸಿಕೊಂಡು ಓಡುತ್ತಿದ್ದನು. ಕೊನೆಗೆ ೧೮೦೦ನೆಯ ಇಸವಿ ಜನವರಿಯ ಕಟುವಾದ ಚಳಿಯಲ್ಲಿ ತಾನಾಗಿಯೇ ಸೇಂಟ್ ಸೆರ್ನಿನ್ ಎಂಬ ಹಳ್ಳಿಯ ಬಳಿಗೆ ಬಂದು, ಒಬ್ಬ ಬಣ್ಣಗಾರನ ಮನೆಯಲ್ಲಿ ಸಿಕ್ಕಿಬಿದ್ದನು. ವಯಸ್ಸು ಹನ್ನೊಂದೋ ಹನ್ನೆರಡೋ ಇರಬಹುದು. ಮೈಮೇಲೆಲ್ಲ ಗಾಯದ ಕಲೆಗಳು. ಕೊರಳಿನ ಮೇಲೆ ಉದ್ದವಾದ ಒಂದು ಕಲೆ. ಮಾತಿಲ್ಲ. ಆತನನ್ನು ಹೆತ್ತವರಾರು, ಕಾಡಿಗೆ ಬಿಟ್ಟವರಾರು ಎಂಬುದು ಎಂದಿಗೂ ತಿಳಿಯಲಿಲ್ಲ. ರೋಡೇ ಪಟ್ಟಣದಲ್ಲಿ ಪ್ರಕೃತಿ ವಿಜ್ಞಾನದ ಉಪಾಧ್ಯಾಯನಾಗಿದ್ದ ಬೊನಾತೇರ್ ಎಂಬ ಪಾದ್ರಿಯು ಕೆಲವು ತಿಂಗಳು ಆತನನ್ನು ಇಟ್ಟುಕೊಂಡು ನೋಡಿ ಒಂದು ವರದಿ ಬರೆದನು. ಬಳಿಕ ಸರ್ಕಾರದ ಅಪ್ಪಣೆಯಂತೆ ಅದೇ ವರ್ಷದ ಆಗಸ್ಟಿನಲ್ಲಿ ಹುಡುಗನನ್ನು ಪ್ಯಾರಿಸ್ಸಿಗೆ ಕರೆತಂದು ಕಿವುಡ ಮೂಗರ ವಿದ್ಯಾಲಯದಲ್ಲಿರಿಸಿದರು.

ನಾಗರಿಕತೆಯ ಸೋಂಕಿಲ್ಲದ ಮನುಷ್ಯನು ಸ್ವಭಾವತಃ ಸಾಧುವೆಂದು ರೂಸೋವಿನ ಬರಹಗಳಿಂದ ನಂಬಿದ್ದ ಕಾಲವದು. ಪ್ಯಾರಿಸ್ಸಿನ ಜನರು ಗುಂಪುಗುಂಪಾಗಿ ನೋಡಲು ಬಂದರು. ಅವರು ಕಂಡದ್ದೇನು? ಪಂಜರದ ಮೃಗದಂತೆ ಹಿಂದಕ್ಕೂ ಮುಂದಕ್ಕೂ ತೂಗಾಡುವ, ಎಲ್ಲವನ್ನೂ ಮೂಸಿನೋಡುವ, ಅಡ್ಡಬಂದವರನ್ನು ಕಚ್ಚಿ ಪರಚುವ, ಉಪಚರಿಸಿದವರ ಮುಖವನ್ನೂ ನೋಡದ ಒಬ್ಬ ಕೊಳಕು ಹುಡುಗನನ್ನು. ಆತನ ಬೆನ್ನ ಹಿಂದೆ ಪಿಸ್ತೂಲು ಹಾರಿಸಿದರೂ ತಿರುಗುತ್ತಿರಲಿಲ್ಲ. ಅಡಿಗೆಮನೆಯ ಮೂಲೆಯಲ್ಲಿ ಆಕ್ರೋಟದ ಕಾಯನ್ನು ಒಡೆದರೆ ಥಟ್ಟನೆ ತಿರುಗುತ್ತಿದ್ದನು. ಕುದಿಯುವ ನೀರಿನಿಂದ ಆಲೂಗೆಡ್ಡೆಯನ್ನು ಬರಿಗೈಯಿಂದ ತೆಗೆಯುತ್ತಿದ್ದನು. ಆತನಿಗೆ ಮನುಷ್ಯರೆಂದರೆ ಅನ್ನವನ್ನು ತಂದುಕೊಡುವ ಕೈಗಳು ಮಾತ್ರ. ಮೆಚ್ಚಲು ಬಂದವರು ಮೂಗು ಮುರಿದು ಹಿಂತಿರುಗಿದರು. ಹುಚ್ಚರ ಸಂಕೋಲೆಗಳನ್ನು ಕಳಚಿಸಿದ ದಯಾಳುವೆಂದು ಹೆಸರಾಗಿದ್ದ ಮಹಾವೈದ್ಯ ಪಿನೆಲನೇ ಪರೀಕ್ಷಿಸಿ, ಇವನು ಬುದ್ಧಿಮಾಂದ್ಯನೆಂದೂ, ಬಿಸೆತ್ರ್ ಆಶ್ರಮದಲ್ಲಿರುವ ಇತರ ಮಂದಬುದ್ಧಿಯ ಮಕ್ಕಳಂತೆಯೇ ಇವನೂ ಎಂದೂ, ಸುಧಾರಿಸುವ ಆಸೆ ಇಲ್ಲವೆಂದೂ ಅಭಿಪ್ರಾಯಪಟ್ಟನು.

ತರುಣ ಇಟಾರ್ಡನು ಗುರುಸಮಾನನಾದ ಪಿನೆಲನ ಮಾತನ್ನು ಒಪ್ಪಲಿಲ್ಲ. ಬುದ್ಧಿಯಿಲ್ಲದ್ದರಿಂದ ಹುಡುಗನು ಕಾಡುಪಾಲಾದನೆಂದು ಪಿನೆಲನು ತಿಳಿದರೆ, ಕಾಡಿನಲ್ಲಿ ಒಂಟಿಯಾಗಿ ಬೆಳೆದದ್ದರಿಂದ ಬುದ್ಧಿಯೂ ಹೃದಯವೂ ಅರಳಲಿಲ್ಲವೆಂದು ಇಟಾರ್ಡನು ತಿಳಿದನು. ಮನುಷ್ಯನ ಮನಸ್ಸು ಇಂದ್ರಿಯಗಳ ಅನುಭವದಿಂದಲೇ ತುಂಬಬೇಕಾದ ಪಾತ್ರೆಯೆಂದು ಸಾರಿದ ಲಾಕ್ ಮತ್ತು ಕೊಂಡಿಯಾಕ್ ಎಂಬ ತತ್ತ್ವಜ್ಞರ ಮಾತಿನಲ್ಲಿ ಆತನಿಗೆ ಅಚಲ ನಂಬಿಕೆ. ಆದ್ದರಿಂದ ಐದು ಗುರಿಗಳನ್ನಿಟ್ಟುಕೊಂಡನು. ಜನರ ನಡುವಿನ ಬಾಳು ಹುಡುಗನಿಗೆ ಹಿತವೆನ್ನಿಸುವಂತೆ ಮಾಡುವುದು ಮೊದಲನೆಯದು. ಮರಗಟ್ಟಿದ ಇಂದ್ರಿಯಗಳನ್ನು ಎಚ್ಚರಿಸುವುದು ಎರಡನೆಯದು. ಹೊಸ ಬೇಕುಗಳನ್ನೂ ಹೊಸ ಸಂಬಂಧಗಳನ್ನೂ ಹುಟ್ಟಿಸಿ ವಿಚಾರಗಳ ವಲಯವನ್ನು ಹಿಗ್ಗಿಸುವುದು ಮೂರನೆಯದು. ಅನುಕರಣದ ಮೂಲಕ ಮಾತನ್ನು ಕಲಿಸುವುದು ನಾಲ್ಕನೆಯದು. ನಿತ್ಯದ ಬಯಕೆಗಳನ್ನೇ ಆಧಾರವಾಗಿಟ್ಟು ಬುದ್ಧಿಗೆ ವ್ಯಾಯಾಮ ಕೊಡುವುದು ಐದನೆಯದು. ಬುದ್ಧಿಗಿಂತ ಮೊದಲು ಹಿತವನ್ನೂ ಸಂಬಂಧವನ್ನೂ ಇಟ್ಟದ್ದೇ ಈ ಯೋಜನೆಯ ವಿಶೇಷ.

ಮೊದಲನೆಯ ಗುರಿಯನ್ನು ಸಾಧಿಸಿದವಳು ಒಬ್ಬ ಹೆಂಗಸು. ಹುಡುಗನ ಆರೈಕೆಗಾಗಿ ಸರ್ಕಾರವು ನೇಮಿಸಿದ ಆಕೆಯ ಹೆಸರು ಮದಾಂ ಗೆರಿನ್. ನಮ್ಮ ರೂಢಿಯಂತೆ ಗೆರಿನಮ್ಮನೆಂದು ಕರೆದರೆ ತಪ್ಪಾಗಲಾರದು. ಈಕೆ ಪಂಡಿತಳಲ್ಲ. ಹುಡುಗನ ಕೊಳೆಯನ್ನು ತೊಳೆದಳು, ಹಸಿದಾಗ ಉಣಿಸಿದಳು, ಕತ್ತಲಾಗುತ್ತಲೇ ನಿದ್ದೆಮಾಡುವ ಅವನ ಪದ್ಧತಿಗೆ ಅಡ್ಡಬರಲಿಲ್ಲ, ಪ್ರತಿದಿನವೂ ತೋಟಗಳಿಗೆ ಕರೆದೊಯ್ದು ಮನಬಂದಂತೆ ಓಡಲು ಬಿಟ್ಟಳು. ಹುಡುಗನ ಹಳೆಯ ರುಚಿಗಳನ್ನು ಒಮ್ಮೆಗೇ ಕಿತ್ತುಹಾಕದೆ ಅವುಗಳಿಂದಲೇ ಆರಂಭಿಸಬೇಕೆಂಬುದು ಇಟಾರ್ಡನ ಸೂತ್ರ. ಅದನ್ನು ಬೇಸರವಿಲ್ಲದೆ ನಡೆಸಿದವಳು ಈಕೆ. ಚರ್ಮವನ್ನು ಎಚ್ಚರಿಸಲು ದಿನವೂ ಗಂಟೆಗಟ್ಟಲೆ ಬಿಸಿನೀರಿನ ಸ್ನಾನ ಮಾಡಿಸಿದರು. ಕೆಲವು ತಿಂಗಳಲ್ಲಿ ಹುಡುಗನು ನೀರಿಗೆ ಬೆರಳದ್ದಿ, ಬಿಸಿ ಸಾಲದಿದ್ದರೆ ಇಳಿಯಲು ಒಪ್ಪದಾದನು. ಚಳಿಯೆಂದರೇನೆಂದು ತಿಳಿದ ಮೇಲೆ ಬಟ್ಟೆಯನ್ನು ತಾನೇ ತೊಟ್ಟುಕೊಂಡನು. ಸ್ವರಗಳಲ್ಲಿ ಓ ಎಂಬುದಕ್ಕೆ ಹೆಚ್ಚಾಗಿ ಕಿವಿಗೊಡುತ್ತಿದ್ದುದರಿಂದ ಆತನಿಗೆ ವಿಕ್ಟರ್ ಎಂದು ಹೆಸರಿಟ್ಟರು. ತನ್ನ ಮೈಯ ಸುಖದುಃಖವೇ ತಿಳಿಯದವನಿಗೆ ಇನ್ನೊಬ್ಬರ ಸುಖದುಃಖ ಎಲ್ಲಿಂದ ತಿಳಿದೀತು? ಬಿಸಿನೀರಿನ ತೊಟ್ಟಿಯಿಂದಲೇ ಇಟಾರ್ಡನು ಅನುಕಂಪದ ಪಾಠವನ್ನು ಆರಂಭಿಸಿದನೆನ್ನಬೇಕು.

ಅನಂತರದ ಪಾಠಗಳು ಅತ್ಯಂತ ಜಾಣತನದವು. ಮೂರು ಬಟ್ಟಲುಗಳನ್ನು ಬೋರಲು ಹಾಕಿ, ಒಂದರ ಕೆಳಗೆ ವಿಕ್ಟರನ ಪ್ರೀತಿಯ ಚೆಸ್ಟ್‌ನಟ್ ಕಾಯನ್ನಿಟ್ಟು, ಹುಡುಕಲು ಬಿಡುತ್ತಿದ್ದನು. ಆಟವು ಹಿಡಿಸಿದ ಮೇಲೆ ಬಟ್ಟಲುಗಳನ್ನು ಅತ್ತಿತ್ತ ಸರಿಸಿ ಕಷ್ಟವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿದನು. ಕೊನೆಗೆ ಕಾಯಿಗೆ ಬದಲು ತಿನ್ನಲಾರದ ವಸ್ತುಗಳನ್ನಿಟ್ಟನು. ಆದರೂ ವಿಕ್ಟರನು ಹುಡುಕಿದನು. ತಿನ್ನುವ ಆಸೆಯಿಂದ ಹುಟ್ಟಿದ ಗಮನವು ಆಸೆಯನ್ನು ಬಿಟ್ಟು ತಾನಾಗಿ ನಿಂತಿತು. ವಸ್ತುಗಳ ಚಿತ್ರಗಳನ್ನು ಹಲಗೆಯ ಮೇಲೆ ಬರೆದು ಆಯಾ ಚಿತ್ರದ ಮೇಲೆ ಆಯಾ ವಸ್ತುವನ್ನು ತೂಗುಹಾಕುವುದನ್ನೂ, ಲೋಹದ ಅಕ್ಷರಗಳನ್ನು ಜೋಡಿಸುವುದನ್ನೂ ಹೀಗೆಯೇ ಮೆಟ್ಟಲುಮೆಟ್ಟಲಾಗಿ ಕಲಿಸಿದನು. ಹಾಲು ಎಂಬರ್ಥದ ಲೇ ಎಂಬ ಮಾತನ್ನು ವಿಕ್ಟರನು ಉಚ್ಚರಿಸಿದನು. ಆದರೆ ಹಾಲನ್ನು ಬೇಡುವುದಕ್ಕಾಗಿ ಅಲ್ಲ, ಹಾಲು ಸಿಕ್ಕಿದ ಸಂತೋಷಕ್ಕಾಗಿ. ಇಟಾರ್ಡನಿಗೆ ನಿರಾಶೆಯಾಯಿತು. ಸ್ವಲ್ಪ ದಿನಗಳ ಮೇಲೆ ಒಂದು ಸೋಜಿಗ ನಡೆಯಿತು. ದಿನವೂ ಹಾಲು ಕುಡಿಯುತ್ತಿದ್ದ ಪರಿಚಿತರ ಮನೆಗೆ ಹೊರಡುವಾಗ ವಿಕ್ಟರನು ಯಾರೂ ಹೇಳದೆ ನಾಲ್ಕು ಅಕ್ಷರಗಳನ್ನು ಜೇಬಿಗೆ ಹಾಕಿಕೊಂಡು, ಅಲ್ಲಿಯ ಮೇಜಿನ ಮೇಲೆ ಹಾಲು ಎಂಬ ಪದವನ್ನು ಜೋಡಿಸಿ ತೋರಿಸಿದನು!

ಈ ಅಭ್ಯಾಸಗಳ ಜೊತೆಯಲ್ಲಿಯೇ ಮನೆಗೆಲಸದ ಅಭ್ಯಾಸವೂ ಬೆಳೆಯಿತು. ಊಟದ ಮೇಜನ್ನು ಅಣಿಮಾಡುವುದು, ಒಬ್ಬೊಬ್ಬರಿಗೂ ತಟ್ಟೆಯನ್ನಿಡುವುದು, ಸೌದೆಯನ್ನು ಗರಗಸದಿಂದ ಕೊಯ್ಯುವುದು, ಇವೆಲ್ಲ ವಿಕ್ಟರನ ಪಾಲಿನ ಕೆಲಸಗಳಾದುವು. ಸೌದೆ ಕೊಯ್ಯುವುದರಲ್ಲಿ ಆತನಿಗೆ ಅಪಾರ ಉತ್ಸಾಹ. ಮೊದಮೊದಲು ಇವು ಕಲಿಸಿದ ಗಿಣಿಪಾಠದಂತೆ ಇದ್ದುವೆಂದು ಒಪ್ಪಲೇಬೇಕು. ಆತನ ಸಹಾಯದಲ್ಲಿಯೂ ಸ್ವಾರ್ಥದ ಪಾಲು ಕಡಿಮೆಯಿರಲಿಲ್ಲ. ನೋಡಲು ಬಂದವರು ಬಹಳ ಹೊತ್ತು ಕುಳಿತು ಬೇಸರ ತರಿಸಿದರೆ, ವಿಕ್ಟರನು ಅವರವರ ಟೋಪಿ, ಕೈಚೀಲ, ಬೆತ್ತಗಳನ್ನು ತಂದು ಕೈಗೆ ಕೊಟ್ಟು ನಯವಾಗಿ ಬಾಗಿಲ ಕಡೆಗೆ ನೂಕುತ್ತಿದ್ದನಂತೆ. ತಳ್ಳುಗಾಡಿಯಲ್ಲಿ ಕುಳಿತು ಸುತ್ತುವ ಆಸೆಯಾದರೆ ಯಾರನ್ನಾದರೂ ಕೈಹಿಡಿದು ಕರೆತಂದು, ಗಾಡಿಯ ಹಿಡಿಯನ್ನು ಅವರ ಕೈಗಿತ್ತು, ತಾನು ಹತ್ತಿ ಕೂರುತ್ತಿದ್ದನು. ಇತರರೂ ತನ್ನಂತೆ ಇಚ್ಛೆಯುಳ್ಳವರು, ಅವರೊಡನೆ ಕೊಡುಕೊಳ್ಳುವ ವ್ಯವಹಾರ ಸಾಧ್ಯ ಎಂಬ ಅರಿವಾದರೂ ಇದರಲ್ಲಿತ್ತು. ಅನುಕಂಪಕ್ಕೆ ಇದು ಹೊಸ್ತಿಲು.

ಇಟಾರ್ಡನ ಕಥೆಯನ್ನು ಹೇಳುವವರು ಆತನ ತಾಳ್ಮೆಯನ್ನೇ ಹೊಗಳಿ ಮುಗಿಸುವುದುಂಟು. ಹಾಗೆ ಮಾಡುವುದು ಸತ್ಯಕ್ಕೆ ಅಪಚಾರ. ಪಾಠಗಳು ಕಠಿಣವಾದಂತೆಲ್ಲ ವಿಕ್ಟರನಿಗೆ ರೋಷಾವೇಶ ಬರುತ್ತಿತ್ತು. ಅಕ್ಷರಗಳನ್ನು ಚೆಲ್ಲುವನು, ಹೊದಿಕೆಯನ್ನು ಕಚ್ಚುವನು, ಕೊನೆಗೆ ಮೂರ್ಛೆ ಬಂದವನಂತೆ ಬೀಳುವನು. ಭಯದಿಂದ ಇಂಥ ಆವೇಶವನ್ನು ಅಡಗಿಸಬಹುದೆಂದು ಹಿಂದಿನ ಕಾಲದ ಒಬ್ಬ ವೈದ್ಯನು ಮಾಡಿದ ಪ್ರಯೋಗವನ್ನು ಇಟಾರ್ಡನು ಓದಿದ್ದನು. ವಿಕ್ಟರನಿಗೆ ಎತ್ತರವೆಂದರೆ ಅಂಜಿಕೆ. ಒಂದು ದಿನ ಆವೇಶವು ಬಂದಾಗ ಇಟಾರ್ಡನು ಕಿಟಕಿಯನ್ನು ತೆರೆದು, ನಾಲ್ಕನೆಯ ಮಹಡಿಯಿಂದ ಕೆಳಗಿನ ಕಲ್ಲುಹಾಸನ್ನು ಕಾಣುವಂತೆ ಹುಡುಗನನ್ನು ತಲೆಕೆಳಗಾಗಿ ಹೊರಕ್ಕೆ ಹಿಡಿದನು. ಕೆಲವು ಕ್ಷಣಗಳ ಮೇಲೆ ಒಳಕ್ಕೆ ಎಳೆದಾಗ ವಿಕ್ಟರನು ಬಿಳಿಚಿಕೊಂಡಿದ್ದನು. ಮೈಯೆಲ್ಲ ತಣ್ಣನೆಯ ಬೆವರು. ಸುಮ್ಮನೆ ಅಕ್ಷರಗಳನ್ನು ಆರಿಸಿ ಸ್ಥಾನದಲ್ಲಿಟ್ಟು, ಹಾಸಿಗೆಯ ಮೇಲೆ ಬಿದ್ದು ಅತ್ತನು. ಆತನು ಕಣ್ಣೀರು ಸುರಿಸಿದ್ದನ್ನು ಇಟಾರ್ಡನು ಕಂಡದ್ದು ಅದೇ ಮೊದಲು. ಆವೇಶವೇನೋ ತಗ್ಗಿತು. ಆದರೆ ಅನುಕಂಪವನ್ನು ಕಲಿಸಹೊರಟ ಗುರುವೇ ಅನುಕಂಪವನ್ನು ಮರೆತ ಗಳಿಗೆ ಅದು. ಭಯವು ಕೈಯನ್ನು ಕಟ್ಟಬಲ್ಲದು, ಹೃದಯವನ್ನು ತೆರೆಯಲಾರದು.

ಹೃದಯವು ತೆರೆದದ್ದು ಬೇರೆ ಕಡೆಗಳಲ್ಲಿ. ವರ್ಷಗಳುರುಳಿದರೂ ಮಾತು ಬರಲಿಲ್ಲ. ಒಂದು ದಿನ ಪಾಠವು ಕೆಟ್ಟು, ಇಟಾರ್ಡನಿಗೆ ತನ್ನ ಶ್ರಮವೆಲ್ಲ ಹಾಳಾಯಿತೆಂಬ ಹತಾಶೆ ಮೂಡಿತು. ಆತನು ಹುಡುಗನ ಮುಂದೆ ಕುಳಿತು, ಕಾಡಿಗೇ ಹಿಂತಿರುಗು, ಇಲ್ಲವೆ ಅನಾಥರ ಆಶ್ರಮದಲ್ಲಿ ಕೊಳೆತು ಸಾಯಿ ಎಂಬರ್ಥದ ಕಹಿ ಮಾತುಗಳನ್ನಾಡಿದನು. ಮಾತಿನ ಅರ್ಥ ವಿಕ್ಟರನಿಗೆ ತಿಳಿಯುವಂತಿರಲಿಲ್ಲ. ಆದರೆ ದನಿಯಲ್ಲಿದ್ದ ದುಃಖ ತಿಳಿಯಿತು. ಎದೆಯುಬ್ಬಿ, ಕಣ್ಣು ಮುಚ್ಚಿ, ರೆಪ್ಪೆಗಳ ನಡುವಿನಿಂದ ಧಾರೆಧಾರೆಯಾಗಿ ನೀರು ಹರಿಯಿತು. ಮತ್ತೊಂದು ಸಲ ವಿಕ್ಟರನು ಮನೆಯಿಂದ ತಪ್ಪಿಸಿಕೊಂಡು ಪ್ಯಾರಿಸ್ಸಿನ ಉತ್ತರಕ್ಕಿರುವ ಸಾನ್ಲಿಸ್ ಕಡೆಯ ಕಾಡಿಗೆ ಓಡಿದನು. ಪೋಲೀಸರು ಹಿಡಿದು ತಂದು, ಗುರುತು ತಿಳಿಯದೆ, ಟೆಂಪಲ್ ಎಂಬ ಸೆರೆಮನೆಯಲ್ಲಿ ಎರಡು ವಾರ ಇರಿಸಿದರು. ಗೆರಿನಮ್ಮ ಅಲ್ಲಿಗೆ ಹೋದಳು. ಆಕೆಯನ್ನು ಕಂಡೊಡನೆ ವಿಕ್ಟರನು ಬಿಳಿಚಿ ಒಂದು ಗಳಿಗೆ ಎಚ್ಚರದಪ್ಪಿದನು. ಆಕೆ ಅಪ್ಪಿಕೊಂಡಾಗ ಎಚ್ಚತ್ತು, ಸಂತೋಷದಿಂದ ಚೀರಿದನು. ನೋಡುತ್ತಿದ್ದವರ ಕಣ್ಣಿಗೆ ಓಡಿಹೋದ ಕಾಡುಪ್ರಾಣಿಯು ಸಿಕ್ಕಂತಿರಲಿಲ್ಲ, ತಾಯಿಯ ಬಳಿಗೆ ಮಗನು ಬಂದಂತಿತ್ತು.

ಮರುದಿನ ಬೆಳಿಗ್ಗೆ ಇಟಾರ್ಡನು ಕೋಣೆಗೆ ಹೋದಾಗ ವಿಕ್ಟರನು ಹಾಸಿಗೆಯಲ್ಲಿ ಎದ್ದು ಕುಳಿತು ತೋಳುಗಳನ್ನು ಚಾಚಿದನು. ಗುರುವು ಮುಖ ಬಿಗಿದು ದೂರವೇ ನಿಂತನು. ಹುಡುಗನು ಹೊದಿಕೆಯೊಳಗೆ ಅಡಗಿ ಅಳತೊಡಗಿದನು. ಗದರಿಸಿದರೆ ಅಳು ಹೆಚ್ಚಿತು. ಕೊನೆಗೆ ಇಟಾರ್ಡನು ಹಾಸಿಗೆಯ ಅಂಚಿನ ಮೇಲೆ ಕುಳಿತನು. ಅವರಿಬ್ಬರ ನಡುವೆ ಅದೇ ಕ್ಷಮೆಯ ಸಂಕೇತ. ವಿಕ್ಟರನು ಅದನ್ನು ತಿಳಿದುಕೊಂಡನು, ಎಲ್ಲವೂ ಮರೆತುಹೋಯಿತು. ಇಲ್ಲಿ ಬಟ್ಟಲಿಲ್ಲ, ಕಾಯಿಲ್ಲ, ಅಕ್ಷರವಿಲ್ಲ. ಒಬ್ಬನ ಮುಖಭಾವವನ್ನು ಇನ್ನೊಬ್ಬನು ಓದಿ, ಅದರಿಂದ ನೋಯುವುದೂ ನಲಿಯುವುದೂ ಮಾತ್ರ ಇದೆ.

ಇವೆಲ್ಲಕ್ಕಿಂತಲೂ ಹೃದಯಸ್ಪರ್ಶಿಯಾದುದು ಊಟದ ಮೇಜಿನ ಪ್ರಸಂಗ. ಗೆರಿನಮ್ಮನ ಗಂಡನು ಕಾಯಿಲೆ ಬಿದ್ದು, ಮನೆಯಿಂದ ಹೊರಗೆ ಬೇರೊಂದು ಕಡೆ ಚಿಕಿತ್ಸೆ ಪಡೆಯುತ್ತಿದ್ದನು. ವಿಕ್ಟರನಿಗೆ ಇದು ತಿಳಿಯದು. ದಿನವೂ ಮೇಜನ್ನು ಅಣಿಮಾಡುವಾಗ ಆತನ ತಟ್ಟೆಯನ್ನೂ ಇಡುತ್ತಿದ್ದನು. ದಿನವೂ ಅದನ್ನು ತೆಗೆಸುತ್ತಿದ್ದರು. ಮರುದಿನ ಮತ್ತೆ ಇಡುತ್ತಿದ್ದನು. ಆ ಕಾಯಿಲೆಯಿಂದಲೇ ಗಂಡನು ತೀರಿಹೋದನು. ತೀರಿಹೋದ ದಿನವೂ ವಿಕ್ಟರನು ಎಂದಿನಂತೆ ತಟ್ಟೆಯನ್ನಿಟ್ಟನು. ಅದನ್ನು ಕಂಡ ಗೆರಿನಮ್ಮನ ದುಃಖವು ಕಟ್ಟೆಯೊಡೆಯಿತು. ವಿಕ್ಟರನು ನೋಡಿದನು. ತಾನು ಮಾಡಿದ ಯಾವುದೋ ಕೆಲಸದಿಂದ ಆಕೆ ಅಳುತ್ತಿರುವಳೆಂದು ಆತನಿಗೆ ಹೊಳೆಯಿತು. ಯಾರೂ ಹೇಳದೆ, ಯಾರೂ ಸನ್ನೆಮಾಡದೆ, ಆ ತಟ್ಟೆಯನ್ನು ತಾನೇ ತೆಗೆದು, ಖಿನ್ನನಾಗಿ ಬೀರುವಿನಲ್ಲಿಟ್ಟನು. ಮುಂದೆ ಎಂದೂ ಅದನ್ನು ಮೇಜಿನ ಮೇಲೆ ಇಡಲಿಲ್ಲ.

ಈ ಸಣ್ಣ ಘಟನೆಯಲ್ಲಿ ಎಷ್ಟು ಅಡಗಿದೆ! ತಟ್ಟೆಯನ್ನು ಇಡುವುದು ಕಲಿಸಿದ ವಿದ್ಯೆ. ತೆಗೆದಿಡುವುದನ್ನು ಯಾರೂ ಕಲಿಸಿರಲಿಲ್ಲ. ಎಷ್ಟು ದಿನ ತೆಗೆಸಿದರೂ ಬಿಡದಿದ್ದ ಅಭ್ಯಾಸವನ್ನು ಒಬ್ಬ ಹೆಂಗಸಿನ ಕಣ್ಣೀರು ಒಂದೇ ಗಳಿಗೆಯಲ್ಲಿ ಬಿಡಿಸಿತು. ಹಾಗೆಂದು ಅಭ್ಯಾಸವು ವ್ಯರ್ಥವಾಯಿತೇ? ಇಲ್ಲ. ಮೇಜನ್ನು ಅಣಿಮಾಡುವ ಕೆಲಸವು ಆತನದಾಗದಿದ್ದರೆ, ಯಾರ ತಟ್ಟೆ ಎಲ್ಲಿ ಎಂಬ ಗಮನವು ಬೆಳೆಯದಿದ್ದರೆ, ಆ ಕಣ್ಣೀರಿಗೆ ಉತ್ತರ ಕೊಡಲು ಆತನಿಗೆ ಬೇರೆ ಭಾಷೆಯೇ ಇರಲಿಲ್ಲ. ಮಾತು ಬಾರದ ಹುಡುಗನು ತಟ್ಟೆಯ ಮೂಲಕ ಮಾತನಾಡಿದನು.

ವಿಕ್ಟರನಿಗೆ ನ್ಯಾಯಾನ್ಯಾಯಗಳ ಅರಿವು ಬಂದಿದೆಯೇ ಎಂಬ ಸಂದೇಹ ಇಟಾರ್ಡನನ್ನು ಕಾಡುತ್ತಿತ್ತು. ತಿಂಡಿ ಕದಿಯುವ ಚಾಳಿಯನ್ನು ಬಿಡಿಸಲು ಮೊದಲು ವಿಕ್ಟರನ ತಿಂಡಿಯನ್ನೇ ಕದ್ದು, ಕಳೆದುಕೊಂಡವನ ಸಂಕಟವನ್ನು ತೋರಿಸಿದ್ದನು. ಚಾಳಿಯು ತಗ್ಗಿತು. ಆದರೆ ಅದು ಧರ್ಮಬುದ್ಧಿಯಿಂದಲೋ ಶಿಕ್ಷೆಯ ಅಂಜಿಕೆಯಿಂದಲೋ? ಇದನ್ನರಿಯಲು ಇಟಾರ್ಡನು ಒಂದು ಕಠೋರ ಪರೀಕ್ಷೆಯನ್ನು ಹೂಡಿದನು. ವಿಕ್ಟರನು ಪಾಠವನ್ನು ಚೆನ್ನಾಗಿ ಒಪ್ಪಿಸಿ ಬಹುಮಾನವನ್ನು ಎದುರುನೋಡುತ್ತಿದ್ದಾಗ, ಗುರುವು ಸಿಟ್ಟಾದಂತೆ ನಟಿಸಿ, ಪುಸ್ತಕಗಳನ್ನು ಚೆಲ್ಲಿ, ಹುಡುಗನನ್ನು ರಟ್ಟೆ ಹಿಡಿದು, ತಪ್ಪು ಮಾಡಿದಾಗ ಕೂಡಿಹಾಕುತ್ತಿದ್ದ ಕತ್ತಲೆಯ ಕೋಣೆಯ ಕಡೆಗೆ ಎಳೆದನು. ತಪ್ಪು ಮಾಡಿದ ದಿನಗಳಲ್ಲಿ ಸುಮ್ಮನೆ ಹೋಗುತ್ತಿದ್ದ ವಿಕ್ಟರನು ಅಂದು ಕಾಲೂರಿ ನಿಂತು ಪ್ರತಿಭಟಿಸಿದನು. ಬಿಡದಿದ್ದಾಗ ಗುರುವಿನ ಕೈಯನ್ನು ಬಲವಾಗಿ ಕಚ್ಚಿದನು. ಆ ನೋವಿನಲ್ಲಿ ಇಟಾರ್ಡನಿಗೆ ಆದ ಆನಂದ ಅಷ್ಟಿಷ್ಟಲ್ಲ. ಪ್ಯಾರಿಸ್ಸಿಗೆ ಬಂದ ಹೊಸತರಲ್ಲಿ ಈ ಹುಡುಗನು ಅಡ್ಡಬಂದವರನ್ನೆಲ್ಲ ಕಚ್ಚುತ್ತಿದ್ದನು. ಈಗ ಅನ್ಯಾಯವನ್ನು ಕಚ್ಚಿದನು. ಆದರೂ ಒಂದು ಮಾತನ್ನು ಹೇಳದಿರಲಾಗದು. ನಂಬಿದವನನ್ನು ಹೀಗೆ ಪರೀಕ್ಷಿಸುವುದು ಒಳ್ಳೆಯದೇ? ಆ ಕಚ್ಚಿನಲ್ಲಿ ಗುರುವಿಗೂ ಒಂದು ಪಾಠವಿರಲಿಲ್ಲವೇ?

೧೮೦೧ರಲ್ಲಿ ಮೊದಲನೆಯ ವರದಿಯನ್ನು ಬರೆದ ಇಟಾರ್ಡನು ೧೮೦೬ರಲ್ಲಿ ಸರ್ಕಾರಕ್ಕೆ ಎರಡನೆಯ ವರದಿಯನ್ನು ಒಪ್ಪಿಸಿದನು. ಮೊದಲನೆಯದರಲ್ಲಿ ಆಸೆಯ ಉಕ್ಕು, ಎರಡನೆಯದರಲ್ಲಿ ದಣಿವು. ಮಾತು ಬರಲಿಲ್ಲ, ಸ್ವಾರ್ಥವು ಪೂರ್ತಿ ಅಳಿಯಲಿಲ್ಲ, ಯೌವನದ ಕ್ಷೋಭೆಯು ಹುಡುಗನನ್ನು ಇನ್ನಷ್ಟು ಕಾಡಿತು. ಉಪಕಾರವನ್ನು ಅರಿಯುವುದು, ಪ್ರೀತಿಗೆ ಒಲಿಯುವುದು, ಕೆಲಸವನ್ನು ಚೆನ್ನಾಗಿ ಮಾಡಿದಾಗ ಹಿಗ್ಗುವುದು, ತಪ್ಪಿದಾಗ ನಾಚುವುದು, ರೇಗಿದ ಮೇಲೆ ಪಶ್ಚಾತ್ತಾಪಪಡುವುದು, ಇಷ್ಟು ಮಾತ್ರ ಸಿದ್ಧಿಸಿದೆಯೆಂದು ಇಟಾರ್ಡನು ಬರೆದನು. ಇಷ್ಟು ಮಾತ್ರ! ನಮ್ಮಲ್ಲಿ ಪದವೀಧರರಾದವರಲ್ಲಿ ಎಷ್ಟು ಮಂದಿಗೆ ಇಷ್ಟು ಸಿದ್ಧಿಸಿದೆ? ಆದರೆ ಮಾತನ್ನೇ ಮನುಷ್ಯತ್ವದ ಕಳಶವೆಂದು ತಿಳಿದಿದ್ದ ಇಟಾರ್ಡನಿಗೆ ಇದು ಸೋಲಾಗಿ ಕಂಡಿತು. ಪಾಠಗಳು ನಿಂತುವು.

ಆಮೇಲೆ ಇಟಾರ್ಡನು ಕಿವಿಯ ರೋಗಗಳ ಅಭ್ಯಾಸಕ್ಕೆ ತನ್ನನ್ನು ಅರ್ಪಿಸಿಕೊಂಡನು. ೧೮೨೧ರಲ್ಲಿ ಈ ವಿಷಯವನ್ನು ಕುರಿತು ಆತನು ಪ್ರಕಟಿಸಿದ ಮಹಾಗ್ರಂಥವು ಕರ್ಣವೈದ್ಯಕ್ಕೆ ಅಡಿಪಾಯವಾಯಿತು. ಕಿವುಡುತನವನ್ನು ಗುಣಪಡಿಸುವ ಹಟದಲ್ಲಿ ವಿದ್ಯಾಲಯದ ಮಕ್ಕಳ ಕಿವಿಗಳ ಮೇಲೆ ವಿದ್ಯುತ್ತನ್ನು ಹಾಯಿಸುವುದು, ಜಿಗಣೆ ಹಿಡಿಸುವುದು, ಕಿವಿಯ ತಮಟೆಯನ್ನು ಚುಚ್ಚುವುದು ಮುಂತಾದ ನೋವಿನ ಪ್ರಯೋಗಗಳನ್ನೂ ಮಾಡಿದನು, ಅವು ಫಲಿಸಲಿಲ್ಲ. ಕಾಲಕ್ರಮದಲ್ಲಿ ಕಿವುಡರ ಕೈಸನ್ನೆಯ ಭಾಷೆಯ ವಿಷಯದಲ್ಲಿ ಆತನ ಬಿಗುಮಾನವೂ ಸಡಿಲಿತು. ವಿಕ್ಟರನಿಗೆ ಬಾಯಿಮಾತನ್ನೇ ಕಲಿಸಲು ಹೆಣಗುವ ಬದಲು, ಅದೇ ಅಂಗಳದಲ್ಲಿ ನೂರಾರು ಮಕ್ಕಳು ಆಡುತ್ತಿದ್ದ ಸನ್ನೆಯ ಭಾಷೆಯನ್ನು ಕಲಿಸಿದ್ದರೆ ಏನಾಗುತ್ತಿತ್ತೋ ಎಂದು ಮುಂದಿನವರು ಕೇಳಿದ್ದಾರೆ. ಇಟಾರ್ಡನು ಮದುವೆಯಾಗಲಿಲ್ಲ. ೧೮೩೮ನೆಯ ಇಸವಿ ಜುಲೈ ೫ರಂದು ತೀರಿಕೊಂಡಾಗ ಕಿವುಡ ಮಕ್ಕಳ ಮುಂದಿನ ವಿದ್ಯಾಭ್ಯಾಸಕ್ಕಾಗಿ ತನ್ನ ಆಸ್ತಿಯಲ್ಲಿ ಒಂದು ಭಾಗವನ್ನು ಬಿಟ್ಟಿದ್ದನು.

ವಿಕ್ಟರನ ಗತಿ ಏನಾಯಿತು? ೧೮೧೧ರ ಸುಮಾರಿನಲ್ಲಿ ಆತನು ವಿದ್ಯಾಲಯವನ್ನು ಬಿಟ್ಟು, ಹತ್ತಿರದಲ್ಲಿಯೇ ಫಯಾಂತಿನ್ ಎಂಬ ಸಂದಿಯ ಒಂದು ಮನೆಯಲ್ಲಿ ಗೆರಿನಮ್ಮನೊಡನೆ ನೆಲೆಸಿದನು. ಆರೈಕೆಗಾಗಿ ಸರ್ಕಾರವು ಆಕೆಗೆ ವರ್ಷಕ್ಕೆ ೧೫೦ ಫ್ರಾಂಕುಗಳನ್ನು ಕೊಡುತ್ತಿತ್ತು. ವೈದ್ಯರು ಕೈಬಿಟ್ಟರು, ತತ್ತ್ವಜ್ಞರು ಮರೆತರು, ಗೆರಿನಮ್ಮ ಬಿಡಲಿಲ್ಲ. ೧೮೨೮ರಲ್ಲಿ, ಸುಮಾರು ನಲವತ್ತರ ವಯಸ್ಸಿನಲ್ಲಿ, ವಿಕ್ಟರನು ತೀರಿಹೋದನು.

ಇಟಾರ್ಡನು ಸೋಲೆಂದು ತಿಳಿದದ್ದು ಲೋಕಕ್ಕೆ ಲಾಭವಾಯಿತು. ಆತನ ಕೊನೆಗಾಲದ ಶಿಷ್ಯ ಸೆಗ್ವಿನನು ಈ ಪದ್ಧತಿಯನ್ನು ಮಂದಬುದ್ಧಿಯ ಮಕ್ಕಳ ಶಿಕ್ಷಣಕ್ಕೆ ಅಳವಡಿಸಿ, ಮುಂದೆ ಅಮೆರಿಕಕ್ಕೂ ಒಯ್ದನು. ಇಟಲಿಯ ಮಾರಿಯಾ ಮಾಂಟೆಸೊರಿಯು ಇವರಿಬ್ಬರ ಬರಹಗಳನ್ನೂ ತನ್ನ ಕೈಯಿಂದಲೇ ಅನುವಾದಿಸಿ ನಕಲು ಮಾಡಿಕೊಂಡು, ಅವುಗಳಿಂದ ತನ್ನ ಶಿಶುಶಿಕ್ಷಣ ಪದ್ಧತಿಯನ್ನು ಬೆಳೆಸಿದಳು. ೧೯೭೦ರಲ್ಲಿ ಫ್ರಾನ್ಸಿನ ನಿರ್ದೇಶಕ ತ್ರೂಫೋ ಈ ಕಥೆಯನ್ನು ಚಲನಚಿತ್ರವಾಗಿಸಿ, ಇಟಾರ್ಡನ ಪಾತ್ರವನ್ನು ತಾನೇ ವಹಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಪಾವ್ಲೋವ್, ಸ್ಕಿನ್ನರ್ ಮೊದಲಾದವರ ಸಂಶೋಧನೆಗಳಿಂದ ವರ್ತನಾ ಚಿಕಿತ್ಸೆಯೆಂಬ ಶಾಸ್ತ್ರವು ರೂಪುಗೊಂಡಾಗ, ಅದರ ಮುಖ್ಯ ಉಪಾಯಗಳು ಇಟಾರ್ಡನಲ್ಲಿ ಆಗಲೇ ಇದ್ದುದನ್ನು ವಿದ್ವಾಂಸರು ಗುರುತಿಸಿದರು. ಕೆಲಸವನ್ನು ಚಿಕ್ಕಚಿಕ್ಕ ಮೆಟ್ಟಲುಗಳಾಗಿ ಒಡೆಯುವುದು, ಸರಿಯಾದ ನಡತೆಗೆ ಒಡನೆಯೇ ಬಹುಮಾನ ಕೊಡುವುದು, ಮಾಡಿ ತೋರಿಸಿ ಅನುಕರಣೆ ಮಾಡಿಸುವುದು, ನಡತೆಯು ಬೇರೂರಿದ ಮೇಲೆ ಬಹುಮಾನವನ್ನು ಮೆಲ್ಲಗೆ ಹಿಂತೆಗೆಯುವುದು, ಇವೇ ಆ ಉಪಾಯಗಳು. ಇತರರೊಡನೆ ಬೆರೆಯಲಾರದ ಮಕ್ಕಳಿಗೆ ಮುಖಭಾವವನ್ನು ಗುರುತಿಸುವುದನ್ನೂ, ಸರದಿ ಕಾಯುವುದನ್ನೂ, ಹಂಚಿಕೊಳ್ಳುವುದನ್ನೂ ಇಂದು ಇದೇ ಬಗೆಯಲ್ಲಿ ಕಲಿಸುತ್ತಾರೆ. ವಿಕ್ಟರನು ಆಟಿಸಂ ಇದ್ದ ಮಗುವಾಗಿದ್ದಿರಬಹುದೆಂದು ಇತ್ತೀಚಿನ ಕೆಲವು ಪಂಡಿತರ ಊಹೆ. ಹಾಗಾದರೆ ಪಿನೆಲನ ಮಾತಿನಲ್ಲಿ ಸ್ವಲ್ಪ ಸತ್ಯವಿದ್ದಿರಬಹುದು. ಆದರೆ ಆಸೆಯಿಲ್ಲವೆಂದು ಕೈಬಿಡಬೇಕೆಂಬ ತೀರ್ಮಾನದಲ್ಲಿ ಸತ್ಯವಿರಲಿಲ್ಲ.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಈಗ ಏನು ಹೇಳೋಣ? ಪರೋಪಕಾರದ ನಡತೆಯನ್ನು ಅಭ್ಯಾಸದಿಂದ ಕಲಿಸಬಹುದು. ಇದನ್ನು ಇಟಾರ್ಡನು ತೋರಿಸಿಕೊಟ್ಟನು. ಆ ನಡತೆಯೊಳಗೆ ಜೀವ ತುಂಬಬೇಕಾದರೆ ಕಲಿಯುವವನನ್ನು ಯಾರಾದರೂ ಪ್ರೀತಿಸಿರಬೇಕು. ಇದನ್ನು ಗೆರಿನಮ್ಮ ತೋರಿಸಿಕೊಟ್ಟಳು. ಅಭ್ಯಾಸವು ಕಾಲುವೆ, ಪ್ರೀತಿಯು ನೀರು. ಕಾಲುವೆಯಿಲ್ಲದೆ ನೀರು ಹೊಲಕ್ಕೆ ಹರಿಯದು. ನೀರಿಲ್ಲದ ಕಾಲುವೆ ಬರಿಯ ಹಳ್ಳ. ನಮ್ಮ ಕಾಲೇಜಿನಿಂದ ಹೊರಟು ನಾಳೆ ಊರೂರುಗಳ ಶಾಲೆಗಳಲ್ಲಿ ಉಪಾಧ್ಯಾಯರಾಗುವವರು ಅನೇಕರಿದ್ದಾರೆ. ತರಗತಿಯ ಕೊನೆಯ ಸಾಲಿನಲ್ಲಿ ಮಾತಿಲ್ಲದೆ, ಮುಖವೆತ್ತದೆ ಕುಳಿತ ಒಂದು ಮಗು ಅವರಿಗೆ ಎದುರಾಗದೆ ಇರದು. ಇವನಿಗೆ ತಲೆಗೆ ಹತ್ತುವುದಿಲ್ಲವೆಂದು ಹೇಳಿ ಮುಂದಿನ ಸಾಲಿಗೆ ತಿರುಗುವುದು ಸುಲಭ. ಹಾಗೆ ತಿರುಗುವ ಮೊದಲು, ಎರಡು ಶತಮಾನಗಳ ಹಿಂದೆ ಪ್ಯಾರಿಸ್ಸಿನ ಒಂದು ಮನೆಯಲ್ಲಿ, ಸತ್ತವನ ತಟ್ಟೆಯನ್ನು ಸದ್ದಿಲ್ಲದೆ ಬೀರುವಿನೊಳಗೆ ಇಟ್ಟ ಆ ಹುಡುಗನನ್ನು ಅವರು ಒಮ್ಮೆ ನೆನೆದುಕೊಳ್ಳಲಿ.